ಅಚ್ಚುಬೆಲ್ಲವೋ ಬೆಲ್ಲದ ಅಚ್ಚೋ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಟೈಲ್ಸ್ ಇದೆ. ಒಂದೇ ಇದ್ದರೂ ನಮ್ಮ ಕಡೆ ಅದು ಟೈಲ್ಸೇ. ಟೈಲ್ ಎಂದು ಕೇಳಿದರೆ ಚಿಕ್ಕಬಳ್ಳಾಪುರದ ಅಂಗಡಿಯವರು ಮುಖ ನೋಡುತ್ತಾರೆ. ಒಲೆಯಿಂದ ಇಳಿಸಿದ ಸಾರಿನ ಪಾತ್ರೆಯನ್ನು ನಾನು ಅದರ ಮೇಲೆ ಇಡುತ್ತೇನೆ. ಬಿಳಿ, ಬೂದಿ, ಕಪ್ಪು, ಹೀಗೆ ಮೂರು ಬಣ್ಣದ ಓರೆ ಚೌಕಗಳನ್ನು ಒಂದಕ್ಕೊಂದು ಕೂಡಿಸಿ ಅದರಲ್ಲೊಂದು ಚಿತ್ತಾರ ಮಾಡಿದ್ದಾರೆ. ನನ್ನ ಕಣ್ಣಿಗೆ ಅದು ಸಾಲಾಗಿ ಜೋಡಿಸಿಟ್ಟ ಅಚ್ಚುಬೆಲ್ಲ. ನಮ್ಮ ಯಜಮಾನರ ಕಣ್ಣಿಗೆ ಬೆಲ್ಲ ಕಿತ್ತುಕೊಂಡ ಮೇಲೆ ಉಳಿಯುವ ಮರದ ಅಚ್ಚು, ಅಂದರೆ ಬರೀ ಗುಂಡಿಗಳು. ಮುಟ್ಟಿ ನೋಡಿದರೆ ಉಬ್ಬೂ ಇಲ್ಲ, ತಗ್ಗೂ ಇಲ್ಲ, ಕೈಗೆ ಹತ್ತುವುದು ನಿನ್ನೆಯ ಸಾರಿನ ಕಲೆ ಮಾತ್ರ. ಆದರೂ ಇಷ್ಟು ವರ್ಷ ಸಂಸಾರ ಮಾಡಿ ಈ ಒಂದು ವಿಷಯದಲ್ಲಿ ನಮ್ಮಿಬ್ಬರಿಗೆ ರಾಜಿಯಾಗಿಲ್ಲ. “ಸ್ವಲ್ಪ ಕಣ್ಣು ಕಿರಿದು ಮಾಡಿ ನೋಡ್ರೀ, ಬೆಲ್ಲ ಎದ್ದು ಬರುತ್ತೆ” ಅನ್ನುತ್ತೇನೆ ನಾನು. “ನೀನು ಸ್ವಲ್ಪ ಕಣ್ಣು ಬಿಟ್ಟು ನೋಡು” ಅನ್ನುತ್ತಾರೆ ಅವರು. ಅಷ್ಟರಲ್ಲಿ ಸಾರು ಆರಿರುತ್ತದೆ.

ಈ ಜಗಳ ನಮ್ಮ ಮನೆಯದು ಮಾತ್ರ ಅಂದುಕೊಂಡಿದ್ದೆ. ಮೊನ್ನೆ ನಮ್ಮ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಂದು ಚಿತ್ರ ಹಾಕಿದರು. ಹೀಗೆ ನೋಡಿದರೆ ಬಾತುಕೋಳಿ, ಹಾಗೆ ನೋಡಿದರೆ ಮೊಲ. ಬಾತುಕೋಳಿ ಮೊದಲು ಕಂಡರೆ ನೀವು ಬುದ್ಧಿವಂತರು, ಮೊಲ ಕಂಡರೆ ಮೃದು ಮನಸ್ಸಿನವರು ಎಂದು ಕೆಳಗೆ ಬರೆದಿತ್ತು. ಯಾರ ಮದುವೆಗೂ ಹುಟ್ಟುಹಬ್ಬಕ್ಕೂ ಒಂದು ಹೂವಿನ ಚಿತ್ರ ಒತ್ತಿ ಸುಮ್ಮನಾಗುವ ನೆಂಟರೆಲ್ಲ ಅವತ್ತು ಎದ್ದು ಕೂತರು. ಬೆಳಗಿನಿಂದ ಮೊಲ ಅನ್ನುತ್ತಿದ್ದ ಒಬ್ಬರು, ಬುದ್ಧಿವಂತಿಕೆ ಸುಮ್ಮನೆ ಕೈಬಿಡುವುದೇಕೆ ಎಂದು ಮಧ್ಯಾಹ್ನದ ಹೊತ್ತಿಗೆ ಬಾತುಕೋಳಿಗೆ ಪಕ್ಷಾಂತರ ಮಾಡಿದರು. ಕನ್ನಡಕವಿಲ್ಲದೆ ನೋಡಿದ ನನಗೆ ಕಂಡದ್ದು ಹೆಚ್ಚಲು ಎತ್ತಿಟ್ಟ ಬದನೆಕಾಯಿ. ಬದನೆಕಾಯಿ ಕಂಡವರು ಎಂಥವರೆಂದು ಅಲ್ಲಿ ಬರೆದಿರಲಿಲ್ಲವಾದ್ದರಿಂದ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಒಂದನ್ನೇ ನೋಡಿ ಇಬ್ಬರು ಎರಡು ಥರ ಕಾಣುವುದಕ್ಕೆ ನಮ್ಮ ಕಾಲದಲ್ಲಿ ಮೊಬೈಲು ಬೇಕಿರಲಿಲ್ಲ ನೋಡಿ, ಗೋಡೆ ಸಾಕಿತ್ತು. ನಾನು ಹುಟ್ಟಿ ಬೆಳೆದದ್ದು ಶಿಡ್ಲಘಟ್ಟದಲ್ಲಿ. ಅಪ್ಪ ಪ್ರೈಮರಿ ಸ್ಕೂಲಿನ ಮೇಷ್ಟ್ರು. ನಾವಿದ್ದ ಬಾಡಿಗೆ ಮನೆಯ ನಡುಮನೆ ಗೋಡೆಗೆ ತೇವ ಹತ್ತಿ ಒಂದು ದೊಡ್ಡ ಕಲೆಯಾಗಿತ್ತು. ಚಾಪೆಯ ಮೇಲೆ ಉರುಳಿಕೊಂಡರೆ ಕಣ್ಣೆದುರಿಗೆ ಅದೇ. ನನಗೆ ಅದು ಸೊಂಟದ ಮೇಲೆ ಮಗು ಎತ್ತಿಕೊಂಡ ಹೆಂಗಸು, ತಮ್ಮನಿಗೆ ಮಂಡಿಯೂರಿದ ಒಂಟೆ. ಅವನು ಒಂಟೆ ಎಲ್ಲಿ ನೋಡಿದ್ದ ಎಂದು ಕೇಳಬೇಡಿ, ಪುಸ್ತಕದಲ್ಲಿ. ನನ್ನ ಹೆಂಗಸಿನ ತುರುಬೇ ಅವನ ಒಂಟೆಯ ಡುಬ್ಬ. ಅದು ಯಾರಿಗೆ ಸೇರಬೇಕೆಂದು ಎಷ್ಟು ಸಲ ಜುಟ್ಟು ಜುಟ್ಟು ಹಿಡಿದಿದ್ದೇವೋ! ತೀರ್ಪು ಕೇಳಿಕೊಂಡು ಹೋದರೆ ಅಮ್ಮ ಗೋಡೆಯನ್ನು ಒಂದು ಸಲ ನೋಡಿ, “ಸುಣ್ಣ ಹೊಡೆಸ್ಬೇಕು” ಅನ್ನುತ್ತಿದ್ದಳು. ಅವಳಿಗೆ ಅಲ್ಲಿ ಕಾಣುತ್ತಿದ್ದುದು ಅದೊಂದೇ. ಒಂದು ಯುಗಾದಿಗೆ ಹೊಡೆಸಿಯೂಬಿಟ್ಟಳು. ಹೆಂಗಸೂ ಹೋದಳು, ಒಂಟೆಯೂ ಹೋಯಿತು, ನಾವಿಬ್ಬರೂ ಕೂತು ಅತ್ತೆವು. ಮಳೆಗಾಲ ಮುಗಿಯುವ ಹೊತ್ತಿಗೆ ಕಲೆ ಮತ್ತೆ ಮೂಡಿತಾದರೂ ಆಕಾರ ಕೊಂಚ ಬದಲಾಗಿ ನನಗೂ ಒಂಟೆಯೇ ಕಾಣತೊಡಗಿತು. ಈ ಸಂಗತಿಯನ್ನು ತಮ್ಮನಿಗೆ ಇವತ್ತಿನವರೆಗೂ ತಿಳಿಸಿಲ್ಲ.

ಬೀದಿಗೆ ಬಂದರೆ ಚಂದ್ರಂಕಿಗಳು. ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟಿ ಅದು. ಅದರ ತುಂಬ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ಕೂರಿಸಿರುತ್ತಾರೆ. ಗೂಡು ಬಿಡಿಸಿಕೊಂಡ ಮೇಲೆ ಬಿಸಿಲಿಗೆ ಗೋಡೆಗೆ ಒರಗಿಸಿಡುತ್ತಿದ್ದರು. ಸ್ಕೂಲಿನಿಂದ ಬರುವಾಗ ಅದರ ಮುಂದೆ ನಿಂತು ಕಣ್ಣು ಮಿಟುಕಿಸದೆ ನೋಡುವುದು ನಮ್ಮ ಆಟ. ನೋಡುತ್ತ ನೋಡುತ್ತ ಸುರುಳಿ ತಿರುಗಲು ಶುರುವಾಗುತ್ತಿತ್ತು. “ಒಳಗೆ ಹೋಗ್ತಾ ಇದೆ” ಅಂತ ನಾನು, “ಹೊರಗೆ ಬರ್ತಾ ಇದೆ” ಅಂತ ತಮ್ಮ. ಹೀಗೆ ಒಂದು ಸಲ ನಾವು ಕಿತ್ತಾಡುತ್ತಿದ್ದಾಗ ಆಫೀಸು ಮುಗಿಸಿಕೊಂಡು ಬಂದ ಸುಶೀಲ ಚಿಕ್ಕಮ್ಮ ನಮ್ಮ ಪಕ್ಕ ನಿಂತು ತಾನೂ ನೋಡಿದಳು. ಬಹಳ ಹೊತ್ತು ನೋಡಿ, “ಒಳಗೆ ಹೋಗಬೇಕು ಅನ್ನೋರಿಗೆ ಒಳಗೆ, ಹೊರಗೆ ಬರ್ಬೇಕು ಅನ್ನೋರಿಗೆ ಹೊರಗೆ. ನಡೀರಿ, ಹೊಟ್ಟೆ ಹಸೀತಿದೆ” ಅಂದಳು.

ಚಿಕ್ಕಮ್ಮ ಅಮ್ಮನ ತಂಗಿ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಆಗ ನಮ್ಮ ಮನೆಯಲ್ಲೇ ಇದ್ದಳು. ಮದುವೆಯಾಗಿರಲಿಲ್ಲ. ಅವಳನ್ನು ಕಂಡರೆ ನೆಂಟರಿಷ್ಟರಿಗೆಲ್ಲ “ಪಾಪ”. ನನಗೆ ಮಾತ್ರ ಅವಳಲ್ಲಿ ಎಷ್ಟು ಹುಡುಕಿದರೂ ಪಾಪ ಅನ್ನುವಂಥದ್ದೇನೂ ಸಿಗುತ್ತಿರಲಿಲ್ಲ. ಸ್ವಂತ ಕೈಗಡಿಯಾರ, ಸ್ವಂತ ಪೆನ್ನು, ಬೇಕೆಂದ ದಿನ ಬೇಕೆಂದ ಕಡೆ ಮಸಾಲೆದೋಸೆ. ಇದಕ್ಕಿಂತ ದೊಡ್ಡ ರಾಣಿ ಇದ್ದಾಳೆಂದು ನಾನು ನಂಬಿರಲಿಲ್ಲ. ಅಪ್ಪನಿಗೆ ಚಿಕ್ಕಬಳ್ಳಾಪುರಕ್ಕೆ ವರ್ಗವಾಗಿ ನಾವು ಹೊರಟ ಮೇಲೆ ಅವಳು ಶಿಡ್ಲಘಟ್ಟದಲ್ಲೇ ಒಂದು ರೂಮು ಹಿಡಿದಳು. ನೆಂಟರು ಬಂದರೆ ರೂಮಿನ ಮಾಲೀಕರು ನೀರಿನ ಲೆಕ್ಕ ಹೇಳುತ್ತಿದ್ದರು. ಒಂದು ರೂಮಿನಿಂದ ಇನ್ನೊಂದು ರೂಮಿಗೆ, ಹೀಗೆ ಅವಳ ಅರ್ಧ ಆಯಸ್ಸು ಕಳೆಯಿತು.

ಅಮ್ಮ, ಚಿಕ್ಕಮ್ಮ ಇಬ್ಬರ ತಾಯಿ ನಮ್ಮ ಅಜ್ಜಿ. ಆಂಧ್ರದ ಗಡಿ ಕಡೆಯ ಕೆಂಚಾರ್ಲಹಳ್ಳಿ ಅವಳ ತವರು. ಸಿಟ್ಟು ಬಂದರೆ, ಪ್ರೀತಿ ಉಕ್ಕಿದರೆ ತೆಲುಗು, ಮಿಕ್ಕಂತೆ ಕನ್ನಡ. ತಾತ ಹೋದ ಮೇಲೆ ಅವಳಿಗೆ ಸ್ವಂತದ್ದೆಂದು ಉಳಿದದ್ದು ಒಂದು ಬಟ್ಟೆಚೀಲ. ದೊಡ್ಡ ಮಾವ ಗೌರಿಬಿದನೂರಿನಲ್ಲಿ, ಚಿಕ್ಕ ಮಾವ ಚಿಂತಾಮಣಿಯಲ್ಲಿ. ಸ್ವಲ್ಪ ದಿನ ಅಲ್ಲಿ, ಸ್ವಲ್ಪ ದಿನ ಇಲ್ಲಿ ಎಂದು ಸರದಿ ಗೊತ್ತು ಮಾಡಿದ್ದರು. ಹೆಣ್ಣುಮಕ್ಕಳ ಮನೆಯಲ್ಲಿ ಬಂದು ಹೋಗುವುದು ಸರಿ, ಇರುವುದು ಸರಿಯಲ್ಲ ಎಂದು ಮಾವಂದಿರ ಮರ್ಯಾದೆಯ ಲೆಕ್ಕ. ಯಾರೂ ಅವಳಿಗೆ ಅನ್ನ ಕಡಿಮೆ ಮಾಡಲಿಲ್ಲ. ಆದರೆ ಅಲ್ಲಿ ಲೋಟ ಜೋರಾಗಿ ಇಟ್ಟರೆ ಒಬ್ಬರ ಮುಖ ಊದುತ್ತಿತ್ತು, ಇಲ್ಲಿ ಟೀವಿ ಮುಂದೆ ಕೂತರೆ ಇನ್ನೊಬ್ಬರದು.

ಗೌರಿಬಿದನೂರಿನಿಂದ ಚಿಂತಾಮಣಿಗೆ ಹೋಗುವ ಬಸ್ಸು ನಡುವೆ ಶಿಡ್ಲಘಟ್ಟದ ಸ್ಟ್ಯಾಂಡಿನಲ್ಲಿ ನಿಲ್ಲುತ್ತದೆ. ಅಜ್ಜಿ ಸರದಿ ಬದಲಾಯಿಸುವ ದಿನ ಚಿಕ್ಕಮ್ಮ ಆಫೀಸಿನಲ್ಲಿ ಕೇಳಿಕೊಂಡು ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಸ್ಟ್ಯಾಂಡಿಗೆ ಓಡುತ್ತಿದ್ದಳು. ರಜಕ್ಕೆ ಹೋದಾಗ ನಾನೂ ಜೊತೆಗೆ. ಅಜ್ಜಿ ಕಿಟಕಿಯೊಳಗಿಂದ ಕೈ ಚಾಚುತ್ತಿದ್ದಳು, ಚಿಕ್ಕಮ್ಮ ಕೆಳಗೆ ನಿಂತು ಆ ಕೈ ಹಿಡಿದುಕೊಳ್ಳುತ್ತಿದ್ದಳು. ಅಷ್ಟು ಹೊತ್ತಿಗೆ ಸರಿಯಾಗಿ ಪಕ್ಕದ ಬಸ್ಸು ಜರುಗುತ್ತಿತ್ತು. ನಿಮಗೂ ಈ ಮೋಸ ಆಗಿರುತ್ತದೆ, ಪಕ್ಕದ್ದು ಹೊರಟರೆ ನಮ್ಮದೇ ಹೊರಟಂತೆ ಕಾಣುತ್ತದಲ್ಲ, ಅದು. ಅಜ್ಜಿ ಗಾಬರಿಯಾಗಿ, “ಹೊರಡ್ತು ಕಣೇ ಸುಶೀ, ಕೈ ಬಿಡು, ಕೈ ಬಿಡು!” ಎಂದು ಕೈ ಒಳಗೆಳೆದುಕೊಳ್ಳುತ್ತಿದ್ದಳು. “ಅಮ್ಮಾ, ನಿನ್ನ ಬಸ್ಸಲ್ಲ, ಪಕ್ಕದ್ದು” ಎಂದು ಚಿಕ್ಕಮ್ಮ ನಕ್ಕರೆ ಕೈ ಮತ್ತೆ ಹೊರಗೆ ಬರುತ್ತಿತ್ತು. ಹೀಗೆ ಸುಳ್ಳುಸುಳ್ಳೇ ಹೊರಟು ಹೊರಟು, ಕೊನೆಗೆ ತನ್ನ ಬಸ್ಸು ನಿಜವಾಗಿ ಹೊರಟಾಗ ಅಜ್ಜಿ ನಂಬುತ್ತಲೇ ಇರಲಿಲ್ಲ, ಕೈ ಬಿಡುತ್ತಲೂ ಇರಲಿಲ್ಲ. ಚಿಕ್ಕಮ್ಮ ಬಸ್ಸಿನ ಪಕ್ಕದಲ್ಲಿ ಓಡುತ್ತಿದ್ದಳು.

ಒಂದು ಸಲ ಹಾಗೆ ಓಡಿ ಏದುಸಿರು ಬಿಡುತ್ತ ವಾಪಸು ಬಂದವಳು ಖಾಲಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, “ಇವಳನ್ನ ಒಂದಿನ ಇಲ್ಲೇ ಇಳಿಸ್ಕೋಬೇಕು ಕಣೇ ಪದ್ದು” ಅಂದಳು ನನಗೆ. ಆ ಮಾತನ್ನು ಅವಳು ದೊಡ್ಡ ಮಾವನ ಹತ್ತಿರವೂ ಆಡಿದಳು. ಅವರು, “ಬಾಡಿಗೆ ರೂಮಲ್ಲಿ ಅಮ್ಮನ್ನ ಇಟ್ಕೊಂಡ್ರೆ ಜನ ನಮ್ಮ ಮುಖಕ್ಕೆ ಉಗೀತಾರೆ. ಸ್ವಂತ ಮನೆ ಅಂತ ಒಂದಾಗ್ಲಿ, ಆಮೇಲೆ ನೋಡಣ” ಅಂದರು. ಒಂಟಿ ಹೆಂಗಸು ಮನೆ ಕಟ್ಟುವುದುಂಟೇ ಎಂಬ ಧೈರ್ಯದಲ್ಲಿ ಹೇಳಿದ ಮಾತು ಅದು.

ಚಿಕ್ಕಮ್ಮ ಕಟ್ಟಿದಳು. ನಿವೃತ್ತಿಗೆ ಇನ್ನೂ ಸ್ವಲ್ಪ ಇರುವಾಗ ಊರಂಚಿನ ಒಂದು ಸಣ್ಣ ಸೈಟಿನಲ್ಲಿ ಎರಡು ರೂಮಿನ ಮನೆ ಎದ್ದಿತು. ಒಂದು ರೂಮು ಯಾರಿಗೆಂದು ಯಾರಿಗೂ ಹೇಳಲಿಲ್ಲ, ಆದರೆ ಆ ರೂಮಿನ ಬಚ್ಚಲ ಗೋಡೆಗೆ ವಯಸ್ಸಾದವರು ಹಿಡಿದು ಏಳುವಂಥ ಕೈಹಿಡಿ ಹಾಕಿಸಿದ್ದಳು. ನೆಲಕ್ಕೆ ಟೈಲ್ಸ್ ಆರಿಸಲು ಚಿಕ್ಕಬಳ್ಳಾಪುರಕ್ಕೆ ಬಂದಾಗ ನನ್ನನ್ನೂ ಕರೆದುಕೊಂಡು ಹೋದಳು. ಅಂಗಡಿಯಲ್ಲಿ ಮಾಸಲು ಬಣ್ಣದ, ಕೊಳೆ ಕಾಣದ, ಬುದ್ಧಿವಂತರು ಕೊಳ್ಳುವ ಟೈಲ್ಸುಗಳನ್ನೆಲ್ಲ ದಾಟಿ ಅವಳು ಹೋಗಿ ನಿಂತದ್ದು ಈ ಮೂರು ಬಣ್ಣದ್ದರ ಮುಂದೆ. “ತ್ರೀಡಿ ಮೇಡಂ, ಹಾಲಲ್ಲಿ ಹಾಕ್ಸಿದ್ರೆ ಬಂದವರು ಹಂಗೇ ನಿಂತ್ಬಿಡ್ತಾರೆ” ಅಂದ ಅಂಗಡಿಯವನು. ಅವನ ಮಾತು ಎಷ್ಟು ನಿಜವಾಗುತ್ತದೆಂದು ಅವನಿಗೂ ಗೊತ್ತಿರಲಿಲ್ಲ. ಚಿಕ್ಕಮ್ಮ, “ಅಚ್ಚುಬೆಲ್ಲ ಜೋಡಿಸಿಟ್ಟ ಹಾಗಿದೆ ಅಲ್ವೇನೇ? ಮನೆ ತುಂಬ ಬೆಲ್ಲ!” ಎಂದು ಮಗುವಿನಂತೆ ಖುಷಿಪಟ್ಟಳು. ನನಗೂ ಬೆಲ್ಲವೇ ಕಂಡದ್ದರಿಂದ ತಲೆಯಾಡಿಸಿದೆ. ಹಾಲಿಗೆ ಹಾಕಿ ಮಿಕ್ಕ ಒಂದನ್ನು ನಾನು ಎತ್ತಿಕೊಂಡು ಬಂದೆ.

ಗೃಹಪ್ರವೇಶದ ದಿನ ಬೆಳಕು ಹರಿಯುತ್ತಿದ್ದ ಹಾಗೇ ಬಳಗವೆಲ್ಲ ಸೇರಿತ್ತು. ಪೂಜೆಗೆ ದಂಪತಿಗಳು ಬೇಕಲ್ಲ, ಹಾಗಾಗಿ ಚಿಕ್ಕಮ್ಮನ ಮನೆಯ ಪೂಜೆಗೆ ಮಣೆ ಹಾಕಿದ್ದು ದೊಡ್ಡ ಮಾವನಿಗೂ ಅತ್ತೆಗೂ. ತಾನು ಕಟ್ಟಿದ ಮನೆಯ ಬಾಗಿಲ ಪಕ್ಕದಲ್ಲಿ ಚಿಕ್ಕಮ್ಮ ಹೊಸ ರೇಷ್ಮೆ ಸೀರೆ ಉಟ್ಟು, ಬಾಡಿಗೆಗೆ ಮನೆ ನೋಡಲು ಬಂದವಳಂತೆ ನಿಂತಿದ್ದಳು. ಅಜ್ಜಿಯನ್ನು ಶಾಮಿಯಾನದ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದರು. ಗಂಡನಿಲ್ಲದವಳು ಶುಭಕಾರ್ಯದಲ್ಲಿ ಮುಂದೆ ಬರಬಾರದೆಂದು. ಬಟ್ಟೆಚೀಲ ಅವಳ ಕಾಲ ಬಳಿ ಇತ್ತು. ಮಗಳ ಮನೆಯಲ್ಲಿ ಉಳಿಯುತ್ತಾಳೋ, ವಾಪಸು ಹೋಗುತ್ತಾಳೋ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಚಿಕ್ಕಮ್ಮ ಮಾತ್ರ ಆ ಚೀಲದ ಕಡೆಗೇ ಮತ್ತೆ ಮತ್ತೆ ನೋಡುತ್ತಿದ್ದಳು.

ಹೊಸ ಮನೆಗೆ ಮೊದಲು ಹಸು ಕರು ನುಗ್ಗಬೇಕು, ಹಿಂದೆ ಮನೆಯವರು. ಜಂಗಮಕೋಟೆಯಿಂದ ಪಿಳ್ಳಪ್ಪ ತನ್ನ ಹಸುವನ್ನು ಅರಿಶಿನ ಕುಂಕುಮ ಹಚ್ಚಿ ಮದುವಣಗಿತ್ತಿಯಂತೆ ಕರೆತಂದಿದ್ದ. ಪುರೋಹಿತರು ಮಂತ್ರ ಎತ್ತಿದರು, ಹಸು ಬಾಗಿಲವರೆಗೆ ಗಂಭೀರವಾಗಿ ಬಂತು, ತಲೆ ಬಗ್ಗಿಸಿ ಒಳಗಿನ ನೆಲ ನೋಡಿತು, ಮುಂಗಾಲು ಊರಿ ನಿಂತುಬಿಟ್ಟಿತು. ಪಿಳ್ಳಪ್ಪ ಹಗ್ಗ ಎಳೆದ. ಅದು ಬುಸುಗುಟ್ಟಿ ಹಿಂದಕ್ಕೆ ಜಗ್ಗಿತು. “ರಾ ತಲ್ಲಿ, ಏಮಯ್ಯಿಂದೇ ನೀಕು?” ಬಾ ತಾಯಿ, ಏನಾಯ್ತೇ ನಿಂಗೆ ಎಂದು ಅವನು ತೆಲುಗಿನಲ್ಲಿ ಬೇಡಿಕೊಂಡ. ಪುರೋಹಿತರು ಸಂಸ್ಕೃತದಲ್ಲಿ ಕರೆದರು, ಮಾವ ಕನ್ನಡದಲ್ಲಿ ಗದರಿದರು. ಯಾವ ಭಾಷೆಗೂ ಅದು ಬಗ್ಗಲಿಲ್ಲ. ಬದಲಿಗೆ ಹೊಸ್ತಿಲಲ್ಲೇ ಸಗಣಿ ಹಾಕಿತು.

ಒಂದೇ ಹಸು, ನಿಂತದ್ದೂ ಒಂದೇ ಥರ, ಆದರೆ ನೋಡಿದವರಿಗೆ ಕಂಡದ್ದು ಹತ್ತು ಥರ. ಸಗಣಿ ಹಾಕಿದ್ದು ಶುಭ ಎಂದಳು ಒಬ್ಬಳು, ಹೊಸ್ತಿಲಲ್ಲಿ ಹಾಕಿದರೆ ಅಲ್ಲ ಎಂದಳು ಇನ್ನೊಬ್ಬಳು. ಬಾಗಿಲು ಇನ್ನು ಅರ್ಧ ಅಡಿ ಆಚೆ ಇಡಬೇಕಿತ್ತು ಎಂದರು ಯಾರೋ. ಪುರೋಹಿತರು, “ಮುಹೂರ್ತ ಮೀರ್ತಾ ಇದೆ” ಎಂದರು. ಆಗ ದೊಡ್ಡ ಮಾವ, ತೀರಾ ಮೆಲ್ಲಗೂ ಅಲ್ಲದೆ, “ಗಂಡು ದಿಕ್ಕಿಲ್ಲದ ಮನೆ. ಮೂಕಪ್ರಾಣಿಗೂ ತಿಳಿಯುತ್ತೆ” ಅಂದರು. ಆಮೇಲೆ ಮಗನನ್ನು ಕರೆದು, “ಅಮ್ಮನ್ನ ಇಲ್ಲಿ ಬಿಡೋದು ಬೇಡಪ್ಪ. ಊಟ ಆಗ್ತಿದ್ದ ಹಾಗೇ ಆ ಚೀಲ ಕಾರಿಗಿಡು” ಎಂದರು.

ಚಿಕ್ಕಮ್ಮನ ಮುಖ ನೋಡಲು ನನ್ನಿಂದ ಆಗಲಿಲ್ಲ. ಮೇಲಧಿಕಾರಿಗಳು ಕೂಗಾಡಿದರೂ ಕಣ್ಣು ಕೆಳಗಿಳಿಸದ ಹೆಂಗಸು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ಅಷ್ಟರಲ್ಲಿ ಮೂಲೆಯಿಂದ ಅಜ್ಜಿ ಕ್ಷೀಣವಾಗಿ, “ಪದ್ದು, ಏನೇ ಅದು ಗಲಾಟೆ?” ಎಂದಳು. ಹೇಳಿದೆ. “ನನ್ನ ಸ್ವಲ್ಪ ಎಬ್ಬಿಸು” ಅಂದಳು. ಕೈ ಹಿಡಿದು ಬಾಗಿಲಿಗೆ ಕರೆದುಕೊಂಡು ಹೋದೆ. ಅಜ್ಜಿ ಹಸುವಿನ ಬೆನ್ನು ಸವರುತ್ತ ಒಳಗೆ ಇಣುಕಿದವಳು ಬೆಚ್ಚಿಬಿದ್ದಳು.

“ಅಯ್ಯೋ ಶಿವನೇ! ಏನೇ ಸುಶೀ ಇದು, ಮನೆ ತುಂಬ ಗುಂಡಿ ತೋಡ್ಸಿದೀಯಲ್ಲೇ!”

ಅಂಥ ಹೊತ್ತಿನಲ್ಲೂ ಜನ ನಕ್ಕರು. ಚಿಕ್ಕಮ್ಮ, “ಗುಂಡಿ ಅಲ್ಲಮ್ಮ, ಟೈಲ್ಸು. ಸಮ ಇದೆ” ಎಂದಳು. ಅಜ್ಜಿ ಮತ್ತೊಮ್ಮೆ ನೋಡಿದಳು. “ನೀನು ಸಮ ಅಂತೀಯ. ನನ್ನ ಕಣ್ಣಿಗೆ ಗುಂಡಿ. ಇದರ ಕಣ್ಣಿಗೂ ಹಂಗೇ ಕಂಡಿರುತ್ತೆ, ಪಾಪ. ಹಸು ಹೆದರ್ಕೊಂಡಿದೆ ಕಣ್ರೋ, ಅಷ್ಟೇ. ಅದಕ್ಕೆ ಶಕುನ ಗಿಕುನ ಅಂತ ಯಾಕೆ ಅವಳ ಹೊಟ್ಟೆ ಉರಿಸ್ತೀರ?”

“ಅಮ್ಮ, ನೀನು ಈ ಕಡೆ ಬಾ. ನೀನು ಮುಂದೆ ನಿಲ್ಲಬಾರದು” ಎಂದರು ದೊಡ್ಡ ಮಾವ.

ಅಜ್ಜಿ ಅವರ ಕಡೆ ತಿರುಗಲಿಲ್ಲ. ಅತ್ತೆಯ ಕೈಯಲ್ಲಿ ಹಸುವಿಗೆಂದು ಕಲಸಿಟ್ಟ ಅಕ್ಕಿಬೆಲ್ಲದ ತಟ್ಟೆ ಇತ್ತು, ಅದನ್ನು ತೆಗೆದುಕೊಂಡಳು. ತಟ್ಟೆ ಹಿಡಿದ ಕೈಯಲ್ಲೇ ಸೀರೆಯ ನಿರಿಗೆ ಎತ್ತಿಕೊಂಡು ಇನ್ನೊಂದು ಕೈ ಚಾಚಿದಳು.

“ಸುಶೀ, ಕೈ ಕೊಡು.”

“ಬೇಡಮ್ಮ, ನಿಂಗೆ ಭಯ ಆಗುತ್ತೆ.”

“ಆಗುತ್ತೆ. ನೀನು ಕೈ ಕೊಡು. ಬಿದ್ರೆ ಇಬ್ರೂ ಬೀಳಣ.”

ಹೊಸ ಮನೆಯ ಹೊಸ್ತಿಲನ್ನು ಮೊದಲು ದಾಟಿದ್ದು ಹಸುವೂ ಅಲ್ಲ, ಮಣೆಯ ಮೇಲಿನ ದಂಪತಿಗಳೂ ಅಲ್ಲ. ಗಂಡ ಸತ್ತ ಒಬ್ಬ ಮುದುಕಿ, ಮದುವೆಯಾಗದ ಅವಳ ಮಗಳು. ತಡೆಯಬೇಕೆಂದು ಬಾಯಿ ತೆರೆದವರೂ ಅಜ್ಜಿಯ ಕಾಲು ನೋಡಿ ಸುಮ್ಮನಾದರು. ಕಲ್ಲುಬಂಡೆಗಳ ನಡುವೆ ಹಳ್ಳ ದಾಟುವವರ ಹಾಗೆ ಹೆಬ್ಬೆರಳನ್ನು ಮುಂದೆ ಚಾಚಿ, ನೆಲ ಸಿಕ್ಕಿತೇ ಎಂದು ಮುಟ್ಟಿ ನೋಡಿ, ಸಿಕ್ಕಿದ ಮೇಲೂ ನಂಬದೆ, ಮಗಳ ತೋಳಿಗೆ ಜೋತುಬಿದ್ದು ಅವಳು ಒಂದೊಂದೇ ಹೆಜ್ಜೆ ಇಟ್ಟಳು. ಹಾಲಿನ ನಡುವೆ ನಿಂತು ತಿರುಗಿ, ತಟ್ಟೆ ಮುಂದೆ ಹಿಡಿದು, “ರಾ ಅಮ್ಮ, ರಾ. ನೇನುನ್ನಾನು ಕದಾ” ಎಂದು ಕರೆದಳು. ನಾನಿದ್ದೀನಲ್ಲ, ಬಾ ಎಂದು. ಹಸು ಕತ್ತು ಚಾಚಿತು, ಮೂಗರಳಿಸಿತು, ಒಂದು ಗೊರಸನ್ನು ಒಳಗಿಟ್ಟು ಒಂದು ಕ್ಷಣ ನಿಂತಿತು, ಆಮೇಲೆ ಬಂದೇಬಿಟ್ಟಿತು. ಹಿಂದೆ ಕರು ನೆಗೆಯಿತು. ಕಾಲ ದೇಶ ಬಲ್ಲ ಪುರೋಹಿತರು ಗಡಿಯಾರ ನೋಡಿ, “ಶುಭಂ! ಮುಹೂರ್ತದ ಒಳಗೇ ಆಯ್ತು” ಎಂದು ಮಂತ್ರವನ್ನು ಇನ್ನಷ್ಟು ಎತ್ತರದ ದನಿಯಲ್ಲಿ ಮುಂದುವರಿಸಿದರು.

ಹಸು ನಿಜವಾಗಿಯೂ ಗುಂಡಿ ಕಂಡು ಹೆದರಿತ್ತೋ, ಹೊಸ ನೆಲದ ನುಣುಪಿಗೆ ಹೆದರಿತ್ತೋ, ಅಥವಾ ಬೆಲ್ಲದ ತಟ್ಟೆ ಹತ್ತಿರ ಬರಲಿ ಎಂದು ಕಾಯುತ್ತಿತ್ತೋ, ನಾನು ಹೇಳಲಾರೆ. ಅದನ್ನು ಕೇಳಲು ಯಾರಿಗೂ ಆಗಲಿಲ್ಲ. ಅವತ್ತು ಊಟದ ಹೊತ್ತಿಗೆ ಅಜ್ಜಿ ತಾನೇ ಚೀಲ ಎತ್ತಿಕೊಂಡು ಹೋಗಿ ಒಳಗಿನ ರೂಮಿನ ಮೊಳೆಗೆ ನೇತುಹಾಕಿದಳು. ದೊಡ್ಡ ಮಾವ ಅದನ್ನು ನೋಡಿದರು. ಅವರೇನು ಕೆಟ್ಟವರಲ್ಲ, ಹೊರಡುವಾಗ ಹಾಲಿನ ನೆಲವನ್ನು ಬಹಳ ಹೊತ್ತು ನೋಡುತ್ತ ನಿಂತು, ಅಜ್ಜಿಯ ಮಂಡಿನೋವಿನ ಎಣ್ಣೆಯನ್ನು ಚಿಕ್ಕಮ್ಮನ ಕೈಗೆ ಕೊಟ್ಟು ಹೋದರು.

ಅಜ್ಜಿ ಸಾಯುವವರೆಗೂ ಆ ಮನೆಯಲ್ಲೇ ಇದ್ದಳು. ಸಾಯುವವರೆಗೂ ಅವಳಿಗೆ ಅದು ಗುಂಡಿಯೇ. ರೂಮಿನಿಂದ ಅಡುಗೆಮನೆಗೆ ಹೋಗಬೇಕಾದರೆ ಸೀರೆ ಎತ್ತಿಕೊಂಡು, ಹೆಬ್ಬೆರಳು ಚಾಚಿ, ಅದೇ ಹಳ್ಳ ದಾಟುವ ನಡಿಗೆ. ಚಿಕ್ಕಮ್ಮ ಜಮಖಾನ ಹಾಸಿದಳು. “ಗುಂಡಿ ಮೇಲೆ ಹಿಂಗೇ ಸೊಪ್ಪು ಮುಚ್ಚಿ ಆನೆ ಹಿಡೀತಾರೆ ಕಣೇ, ತೆಗಿ ಅದನ್ನ” ಎಂದು ಅಜ್ಜಿ ತೆಗೆಸಿದಳು. ಬೆಲ್ಲ ಕಾಣಿಸಲಿ ಎಂದು ಮಗಳು ಅವಳ ಗಲ್ಲ ಹಿಡಿದು ತಲೆ ಓರೆ ಮಾಡಿಸಿದಳು. ಗುಂಡಿ ಹೇಗಿರುತ್ತದೋ ನೋಡೋಣ ಎಂದು ತಾನು ನೆಲದ ಮೇಲೆ ಕೂತು ಕಣ್ಣು ಕಿರಿದು ಮಾಡಿದಳು. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣಲೇ ಇಲ್ಲ. ನಾನು ಹೋದಾಗಲೆಲ್ಲ ಅವರಿಬ್ಬರ ಈ ಆಟ ನಡೆದೇ ಇರುತ್ತಿತ್ತು. ಅದನ್ನು ನೆನೆದರೆ ಈಗಲೂ ನನ್ನ ಕಣ್ಣು ತುಂಬುತ್ತದೆ.

ಒಂದು ದಿನ ನಾನಿದ್ದಾಗಲೇ ಚಿಕ್ಕಮ್ಮ ಗಾರೆ ಕೆಲಸದವನನ್ನು ಕರೆಸಿ ಹಾಲಿನ ಅಳತೆ ತೆಗೆಸುತ್ತಿದ್ದಳು. ಅಜ್ಜಿ ರೂಮಿನ ಬಾಗಿಲಿಗೆ ಬಂದು, “ಏನು ಮಾಡಿಸ್ತಿದೀಯೇ?” ಎಂದು ಕೇಳಿದಳು.

“ಇದನ್ನ ಕೀಳಿಸಿ ಬೇರೆ ಹಾಕಿಸ್ತೀನಮ್ಮ. ನೀನು ದಿನಾ ಹೆದರ್ಕೊಂಡು ಓಡಾಡೋದು ನನ್ನಿಂದ ನೋಡಕ್ಕಾಗಲ್ಲ.”

ಅಜ್ಜಿ ಬಾಗಿಲಿಗೆ ಒರಗಿ ನಿಂತು ನೆಲವನ್ನೂ ಮಗಳನ್ನೂ ನೋಡಿದಳು.

“ನೆಲ ಸಮ ಇರೋ ಮನೆಗಳಲ್ಲೇ ಇಷ್ಟು ವರ್ಷ ಹೆದರ್ಕೊಂಡು ಓಡಾಡಿದೀನಿ ಕಣೇ ಸುಶೀ. ಇಲ್ಲಿ ಹೆದರೋದು ಕಾಲು ಮಾತ್ರ. ಇರ್ಲಿ ಬಿಡು.”